ಸೊನ್ನೆ ಬರೆಯದ ವರ್ಷ

ಹೋದ ವಾರ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನೊಳಗೆ ಹೊಸ ನೋಟಿಸೊಂದನ್ನು ಅಂಟಿಸಿದ್ದರು. ಬಣ್ಣಬಣ್ಣದ ಚಿಟ್ಟೆಯ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ ‘ನೀವೂ ವಿಜ್ಞಾನಿಯಾಗಿ, ನಿಮ್ಮ ಬಾಲ್ಕನಿಯ ಚಿಟ್ಟೆಗಳನ್ನು ಎಣಿಸಿ’ ಎಂದಿತ್ತು. ನಾನು ಕನ್ನಡಕ ಸರಿಮಾಡಿಕೊಂಡು ಓದುತ್ತಿದ್ದುದನ್ನು ಅಸೋಸಿಯೇಷನ್ನಿನ ಕಾರ್ಯದರ್ಶಿ ನೋಡಿದರು. ಅವರಿಗೆ ಇನ್ನೂ ಮೂವತ್ತೈದು ದಾಟಿಲ್ಲ, ಉತ್ಸಾಹ ಜಾಸ್ತಿ.

“ಆಂಟಿ, ನೀವು ಬಯಾಲಜಿ ಟೀಚರ್ ಆಗಿದ್ರಂತೆ. ಇದನ್ನ ನೀವೇ ಲೀಡ್ ಮಾಡ್ಬೇಕು. ತುಂಬಾ ಸಿಂಪಲ್, ಎಷ್ಟು ಬಂತೋ ಅಷ್ಟು ಬರೆಯೋದು, ಅಷ್ಟೇ.”

“ನನ್ನ ಕೈಲಿ ಆಗಲ್ಲಪ್ಪ.”

“ಯಾಕೆ ಆಂಟಿ?”

“ಆಗಲ್ಲ ಅಂದ್ನಲ್ಲ.”

ಪಾಪ, ಮುಖ ಸಣ್ಣದು ಮಾಡಿಕೊಂಡು ಎರಡನೇ ಮಹಡಿಯಲ್ಲಿ ಇಳಿದುಹೋದರು. ನನ್ನ ಮಾತು ಮೊದಲಿನಿಂದಲೂ ಒರಟು, ಶಾಲೆಯಲ್ಲೂ ಅದಕ್ಕೇ ಹೆಸರಾಗಿದ್ದೆ. ಆದರೆ ಅವತ್ತು ಸಿಟ್ಟು ಬಂದದ್ದು ಅವರ ಮೇಲಲ್ಲ. ಎಷ್ಟು ಬಂತೋ ಅಷ್ಟು ಬರೆಯುವುದಂತೆ, ಅಷ್ಟೇ ಅಂತೆ. ಅಷ್ಟು ಸುಲಭದ ಕೆಲಸ ನನ್ನ ಕೈಲಿ ಆಗದೆ ಹೋದ ಒಂದು ವರ್ಷವಿದೆ. ಅದನ್ನು ಯಾರಿಗೂ ಪೂರ್ತಿ ಹೇಳಿಲ್ಲ.

ಆಗ ನಾವು ಬಿಳೇಕಹಳ್ಳಿಯ ಈ ಅಪಾರ್ಟ್‌ಮೆಂಟಿಗೆ ಬಂದಿರಲಿಲ್ಲ. ಜಯನಗರದ ಒಂದು ಹಳೇ ಕ್ರಾಸಿನಲ್ಲಿ, ಮೊದಲನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದೆವು. ನಾನು, ನಮ್ಮ ಯಜಮಾನರು ಶ್ರೀಧರ, ಅತ್ತೆ, ಮಾವ, ನಾಲ್ಕೇ ಜನ. ಮೇಲೆ ತಾರಸಿ. ತಾರಸಿಯ ಹಿಂಬದಿಗೆ ನಿಂತರೆ ದೊಡ್ಡ ರಸ್ತೆಯ ಮಳೆಮರಗಳ ಸಾಲು ಕಾಣುತ್ತಿತ್ತು. ಸಂಜೆ ಆರರ ಮೇಲೆ ಎಲ್ಲೆಲ್ಲಿಂದಲೋ ಕಾಗೆಗಳು ಬಂದು ಆ ಮರಗಳಲ್ಲಿ ಕೂರುತ್ತಿದ್ದವು. ಅವುಗಳ ಗಲಾಟೆಗೆ ನಾವು ಟೀವಿಯ ಸದ್ದು ಹೆಚ್ಚಿಸಬೇಕಾಗುತ್ತಿತ್ತು. ಒಣಹಾಕಿದ ಬಟ್ಟೆಯನ್ನೆಲ್ಲ ಗಲೀಜು ಮಾಡುತ್ತವೆ ಅಂತ ನಾನು ಅವುಗಳನ್ನು ಬೈಯದ ದಿನವಿರಲಿಲ್ಲ.

ಆ ವರ್ಷ ಫಾಲ್ಗುಣದಲ್ಲಿ ಮಾವ ತೀರಿಕೊಂಡರು. ಊಟದ ವಿಷಯದಲ್ಲಿ ಅವರದು ಭಾರಿ ಶಿಸ್ತು. ಮಧ್ಯಾಹ್ನ ಹನ್ನೆರಡೂವರೆಗೆ ಎಲೆ ಹಾಕಬೇಕು, ಹತ್ತು ನಿಮಿಷ ತಡವಾದರೆ ಮುಖ ಊದಿಸಿಕೊಳ್ಳುತ್ತಿದ್ದರು. ಅಂಥವರಿಗೆ ಸ್ಟ್ರೋಕ್ ಆಗಿ ನುಂಗುವ ಶಕ್ತಿಯೇ ಹೋಯಿತು. ಮೂಗಿಗೆ ನಳಿಗೆ ಹಾಕಿ ಅದರಲ್ಲೇ ಗಂಜಿ, ಅದರಲ್ಲೇ ಔಷಧಿ. ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದರು. ಕೊನೆಕೊನೆಗೆ ಅತ್ತೆಯ ಕೈ ಹಿಡಿದುಕೊಂಡು ಒಂದೇ ಮಾತು ತೊದಲುತ್ತಿದ್ದರು, “ಒಂದ್ ತುತ್ತು ಸಾರನ್ನ ಹಾಕೇ.” ಬಾಯಿಗೆ ಏನೂ ಕೊಡಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ ಅಂತ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಅತ್ತೆ “ನಾಳೆ ಹಾಕ್ತೀನಿ ಕಣ್ರೀ, ನಾಳೆ” ಅನ್ನುತ್ತಿದ್ದರು. ಅವರ ಬಾಯಿಗೆ ಆ ತುತ್ತು ಹೋಗಲಿಲ್ಲ.

ಹದಿಮೂರು ದಿನದ ಕರ್ಮವೆಲ್ಲ ಮುಗಿದ ಮೇಲೆ ಅತ್ತೆ ನನ್ನ ಹತ್ತಿರ ಒಂದು ಸಲ ಈ ಮಾತೆತ್ತಿದರು. “ಅರವತ್ತೈದು ವರ್ಷ ಬಡಿಸ್ದೆ ವಸಂತಾ. ಕೊನೇಲಿ ಹಸ್ಕೊಂಡೇ ಹೋಗೋ ಹಾಗೆ ಮಾಡ್ದೆ.” ನಾನು ಏನೇನೋ ಹೇಳಿದೆ. ನಳಿಗೆಯಲ್ಲಿ ಹೋಗುವುದೂ ಊಟವೇ, ಅದರಲ್ಲಿ ದೇಹಕ್ಕೆ ಬೇಕಾದದ್ದೆಲ್ಲ ಇತ್ತು ಅಂತ. ಬಯಾಲಜಿ ಟೀಚರಿನ ಸಮಾಧಾನ ಅದು. ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ಹಾಗಾಗಿ ಮೊದಲ ವರ್ಷದ ಮಾಸಿಕಗಳೆಂದರೆ ಅತ್ತೆಗೆ ಬರೀ ಶಾಸ್ತ್ರವಾಗಿರಲಿಲ್ಲ, ಬಾಕಿ ಉಳಿದ ಊಟವನ್ನು ಬಡಿಸುವುದಾಗಿತ್ತು. ಪ್ರತಿ ತಿಂಗಳು ಮಾವ ಹೋದ ತಿಥಿಯ ದಿನ ಶಾಸ್ತ್ರಿಗಳು ಬರುತ್ತಿದ್ದರು. ಸಾರು, ಗೊಜ್ಜು, ವಡೆ, ಪಾಯಸ, ಎಲ್ಲ ಅಡಿಗೆಯೂ ಆಗಬೇಕು. ಎಲ್ಲ ಮುಗಿದ ಮೇಲೆ ಶ್ರೀಧರ ಬಾಳೆಲೆಯಲ್ಲಿ ಅನ್ನದ ಉಂಡೆ ತೆಗೆದುಕೊಂಡು ಹೋಗಿ ತಾರಸಿಯ ಕಟ್ಟೆಯ ಮೇಲಿಟ್ಟು ಕಾಯುವರು. ಕಾಗೆ ಬಂದು ಮುಟ್ಟಿದರೆ ಹೋದವರಿಗೆ ತಲುಪಿತು ಅಂತ. ಅತ್ತೆಗೆ ಮಂಡಿನೋವು, ಮೆಟ್ಟಿಲು ಹತ್ತುವಂತಿಲ್ಲ. ಕೆಳಗೆ ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುವರು. ಮೇಲಿನಿಂದ “ಮುಟ್ತು” ಅನ್ನುವ ಮಾತು ಬರುವವರೆಗೂ ಅವರು ಒಂದು ಅಗುಳೂ ಬಾಯಿಗೆ ಹಾಕುತ್ತಿರಲಿಲ್ಲ.

ಮೊದಲ ಮಾಸಿಕಕ್ಕೆ ಇನ್ನೂ ವಾರವಿರುವಾಗ ಪಲ್ಲವಿ ನಮ್ಮನೆಗೆ ಬಂದಳು. ತಿಪಟೂರಿನ ಹುಡುಗಿ. ಬಿಟಿಎಂ ಲೇಔಟಿನ ಪಿಜಿಯಲ್ಲಿದ್ದುಕೊಂಡು ಊರ ಹಕ್ಕಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಈ ಭಾಗದಲ್ಲಿ ಕಾಗೆಗಳು ಕಡಿಮೆಯಾಗುತ್ತಿವೆಯೋ ಇಲ್ಲವೋ ಅನ್ನುವುದು ಅವಳ ಪ್ರಶ್ನೆ. ಒಬ್ಬಳೇ ಎಷ್ಟು ಬೀದಿ ತಿರುಗಿಯಾಳು, ಅದಕ್ಕೆ ಮನೆಮನೆಯವರನ್ನೇ ಸೇರಿಸಿಕೊಳ್ಳಲು ಹೊರಟಿದ್ದಳು. ನಾನು ಟೀಚರಾಗಿದ್ದವಳು ಅಂತ ಯಾರೋ ಹೇಳಿ ನಮ್ಮನೆಗೆ ಕಳಿಸಿದ್ದರು.

“ಹಕ್ಕಿ ಎಣಿಸ್ಬೇಕು ಅಂದ್ರೆ ಸಾಮಾನ್ಯವಾಗಿ ನಾವು ಅದರ ಹಿಂದೆ ಓಡ್ಬೇಕು ಆಂಟಿ. ಇಲ್ಲಿ ನೀವೇ ಪ್ರತಿ ಸಲ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ, ಅದೇ ಅನ್ನ ಇಟ್ಟು ಕಾಯ್ತೀರ. ಶ್ರಾದ್ಧ, ಅಮಾವಾಸ್ಯೆ, ಕೆಲವರು ದಿನಾನೂ ಇಡ್ತಾರೆ. ಇಷ್ಟು ಒಳ್ಳೆ ಪ್ರಯೋಗನ ನಾವು ಕೂತು ಯೋಚ್ನೆ ಮಾಡಿದ್ರೂ ಮಾಡಕ್ಕಾಗ್ತಿರ್ಲಿಲ್ಲ.”

ನನಗೆ ಮೈ ಜುಮ್ಮೆಂದಿತು. ಮೂವತ್ತೊಂದು ವರ್ಷ ಪಾಠ ಮಾಡಿದರೂ ಇದು ಹೊಳೆದಿರಲಿಲ್ಲವಲ್ಲ ಅನ್ನಿಸಿತು. ಅವಳು ಕೊಟ್ಟ ಹಾಳೆಯಲ್ಲಿ ನಾಲ್ಕೇ ಕಾಲಂ. ತಾರೀಕು, ಅನ್ನ ಇಟ್ಟ ಹೊತ್ತು, ಮೊದಲ ಕಾಗೆ ಬರಲು ಹಿಡಿದ ನಿಮಿಷ, ಅರ್ಧ ಗಂಟೆಯಲ್ಲಿ ಒಟ್ಟಿಗೆ ಕಂಡ ಕಾಗೆಗಳು. ಕೆಳಗೆ ಕೆಂಪಕ್ಷರದಲ್ಲಿ ಒಂದು ಸಾಲು: ‘ಬಾರದಿದ್ದರೆ 0 ಎಂದು ಬರೆಯಿರಿ, ಖಾಲಿ ಬಿಡಬೇಡಿ.’

“ಸೊನ್ನೆನೂ ಮುಖ್ಯ ಆಂಟಿ. ನಿಜ ಹೇಳ್ಬೇಕು ಅಂದ್ರೆ ನನಗೆ ಸೊನ್ನೆನೇ ಜಾಸ್ತಿ ಮುಖ್ಯ,” ಅಂದಳು.

ಅತ್ತೆ ಅಲ್ಲೇ ಹೂಬತ್ತಿ ಹೊಸೆಯುತ್ತ ಕೂತಿದ್ದರು. “ಸೊನ್ನೆ ಯಾಕ್ ಬರುತ್ತೆ?” ಅಂತ ಕೇಳಿದರು. ಪಲ್ಲವಿ ನಕ್ಕಳು. ಆ ನಗುವಿನಲ್ಲಿ ತಪ್ಪೇನಿರಲಿಲ್ಲ, ಇಪ್ಪತ್ತಾರು ವರ್ಷದವಳು, ಅವಳ ಮನೆಯಲ್ಲಿ ಇನ್ನೂ ಯಾರೂ ಸತ್ತಿರಲಿಲ್ಲ.

ಕ್ರಾಸಿನ ಮನೆಮನೆಗೂ ಹಾಳೆ ಹಂಚಿದವಳು ನಾನೇ. ಪ್ರಯೋಗ ಮಾಡದೆ ರೀಡಿಂಗ್ ಬರೆದ ಮಕ್ಕಳ ರೆಕಾರ್ಡ್ ಪುಸ್ತಕ ಹರಿದು ಹಾಕಿದ ಖ್ಯಾತಿ ನನ್ನದು, ಅದೇ ಗತ್ತಿನಲ್ಲಿ ಹೋದೆ. ಎದುರುಮನೆಯ ನಾರಾಯಣಪ್ಪನವರು ಮೊದಲು ದಿನಸಿ ಅಂಗಡಿ ಇಟ್ಟುಕೊಂಡಿದ್ದವರು. ಹೆಂಡತಿ ಹೋಗಿ ಎರಡು ವರ್ಷವಾಗಿತ್ತು, ದಿನಾ ತಮ್ಮ ಊಟಕ್ಕೆ ಮುಂಚೆ ಒಂದು ಹಿಡಿ ಅನ್ನವನ್ನು ಕಾಂಪೌಂಡಿನ ಮೇಲಿಡುತ್ತಿದ್ದರು. “ಅಂದಾಜಿಗೆ ಬರೀಬೇಡಿ, ಕಂಡಿದ್ದಷ್ಟೇ ಬರೀರಿ,” ಅಂತ ಅವರಿಗೂ ಹೇಳಿದೆ. “ಮಿಸ್ ಹೇಳಿದ್ ಮೇಲೆ ಮುಗೀತು,” ಅಂದರು. ಹೀಗೆ ಇಪ್ಪತ್ತು ಇಪ್ಪತ್ತೆರಡು ಮನೆ ಸೇರಿದವು. ಅವರ ಹಾಳೆಗಳನ್ನು ನೋಡಿ ಅಂಕಿಗಳನ್ನು ಫೋನಿನಲ್ಲಿ ತುಂಬಿಸಿ ಕಳಿಸುವುದು ನನ್ನ ಕೆಲಸ.

ಚೈತ್ರದ ಮಾಸಿಕದ ದಿನ ಉರಿಬಿಸಿಲು. ಶ್ರೀಧರ ಎಲೆ ಇಟ್ಟು ಕೈತಟ್ಟಿ ಹೆಚ್ಚು ಹೊತ್ತಾಗಿರಲಿಲ್ಲ, ಮಳೆಮರದಿಂದ ಮೂರು ಕಾಗೆ ಇಳಿದವು. ನಾನು ಗಡಿಯಾರ ಹಿಡಿದುಕೊಂಡು ನಿಂತಿದ್ದೆ, ನಾಲ್ಕು ನಿಮಿಷ. “ಮುಟ್ತು ಅಮ್ಮ” ಅಂತ ಕೂಗಿದರು. ಕೆಳಗೆ ಅತ್ತೆ ಅತ್ತ ಸದ್ದು ಕೇಳಿಸಿತು. ಅಳು ಮುಗಿಸಿ, ಕಣ್ಣೊರೆಸಿಕೊಂಡು, ಎಲೆಯ ಮುಂದೆ ಕೂತು ಎರಡು ಸಲ ಸಾರನ್ನ ಹಾಕಿಸಿಕೊಂಡರು. ತಿಂಗಳಿಂದ ಅವರು ಅಷ್ಟು ಉಂಡಿರಲಿಲ್ಲ. ಆಮೇಲೆ ನನ್ನ ಹಾಳೆ ತರಿಸಿ, “ಏನ್ ಬರ್ದೆ, ಓದು,” ಅಂದರು. ನಾಲ್ಕು ನಿಮಿಷ, ಮೂರು ಕಾಗೆ ಅಂತ ಓದಿದೆ. ಹಾಳೆಯನ್ನು ಮಡಿಸಿ ಪಂಚಾಂಗದೊಳಗೆ ಇಟ್ಟುಕೊಂಡರು. ವೈಶಾಖದಲ್ಲೂ ಬಂದವು, ಜ್ಯೇಷ್ಠದಲ್ಲೂ ಬಂದವು. ಮೂರೂ ಸಲ ನಾನು ಬರೆದದ್ದು ಅಪ್ಪಟ ನಿಜ.

ಆಷಾಢದ ಗಾಳಿ ಶುರುವಾದಾಗ ಒಂದು ಕೊಂಬೆ ಮುರಿದು ಆಟೋ ಮೇಲೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಮೂರನೇ ದಿನಕ್ಕೆ ಗರಗಸದವರು ಬಂದರು. ಹೇಗೂ ರಸ್ತೆ ಅಗಲವಾಗಬೇಕಿತ್ತು, ಈ ನೆಪ ಅನುಕೂಲವಾಯಿತು. ಸಾಲಿನ ಅರ್ಧದಷ್ಟು ಮರಗಳನ್ನು, ನಮ್ಮ ತಾರಸಿಯ ಹಿಂದಿನವನ್ನೇ, ಎರಡು ದಿನದಲ್ಲಿ ಇಳಿಸಿಬಿಟ್ಟರು. ತುಂತುರು ಮಳೆಯಲ್ಲಿ ಕೊಡೆ ಹಿಡಿದುಕೊಂಡು ನೋಡಲು ಹೋದೆ. ರಸ್ತೆಯ ತುಂಬ ಹಸಿ ಮರದ ವಾಸನೆ. ಗೂಡುಗಳು ಬಿದ್ದಿದ್ದವು. ಕಡ್ಡಿ, ಬಟ್ಟೆ ಹ್ಯಾಂಗರಿನ ತಂತಿ, ಯಾರದೋ ಮನೆಯ ಪೊರಕೆಯ ಎಳೆ ಸೇರಿಸಿ ಕಟ್ಟಿಕೊಂಡಿದ್ದ ಗೂಡುಗಳು. ಮೂರು ಸಂಜೆ ಕಾಗೆಗಳು ಬಂದು ಮರವಿಲ್ಲದ ಜಾಗದ ಮೇಲೆ ಸುತ್ತು ಹಾಕಿದವು. ನಾಲ್ಕನೇ ಸಂಜೆ ಬರಲಿಲ್ಲ. ಟೀವಿಯ ಸದ್ದು ತಗ್ಗಿಸಬೇಕಾಯಿತು.

ಆಷಾಢದ ಮಾಸಿಕದಂದು ಶ್ರೀಧರ ಹನ್ನೆರಡೂಕಾಲಿಗೆ ಎಲೆ ಇಟ್ಟರು. ಒಂದು ಗಂಟೆಯಾಯಿತು. ಪಾರಿವಾಳ ಬಂದವು, ಓಡಿಸಿದೆವು. ಎರಡು ಗಂಟೆಯಾಯಿತು. ಗಾಳಿಗೆ ಎಲೆ ಹಾರದಂತೆ ಅಂಚಿಗೆ ಕಲ್ಲಿಟ್ಟೆವು. ಶ್ರೀಧರ “ಕಾ, ಕಾ” ಅಂತ ಕೂಗಿದರು, ಅರವತ್ತೆರಡು ವರ್ಷದ ಮನುಷ್ಯ. ಶಾಸ್ತ್ರಿಗಳಿಗೆ ಇನ್ನೊಂದು ಮನೆಗೆ ಹೋಗಬೇಕಿತ್ತು. “ಹಸುಗೆ ಕೊಟ್ರೂ ನಡಿಯುತ್ತೆ, ಈಗೆಲ್ಲಾ ಹಾಗೇ ಮಾಡ್ತಾರೆ,” ಅಂದರು. ಅತ್ತೆ ಕೆಳಗಿನಿಂದಲೇ, “ಹಸು ಯಾರು ಕೊಟ್ರೂ ತಿನ್ನುತ್ತೆ. ಬೇಡ,” ಅಂದರು. ಅವರು ಬೆಳಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದ್ದರು, ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಎರಡೂಮುಕ್ಕಾಲಿಗೆ ನಾನು ಇಳಿದು ಬಂದು ನೋಡಿದರೆ ಕುರ್ಚಿಯಲ್ಲಿ ಬೆವರುತ್ತಿದ್ದರು, ಕೈ ನಡುಗುತ್ತಿತ್ತು. ಸಕ್ಕರೆ ನೀರು ಕೊಡಲು ಹೋದೆ, ತುಟಿ ಬಿಗಿಹಿಡಿದರು. “ಅವರು ಉಂಡಿಲ್ಲ,” ಅಂದರು.

ನಾನು ಮತ್ತೆ ಮೇಲೆ ಹೋಗಿ ಶ್ರೀಧರನ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಅನ್ನದ ಉಂಡೆಯನ್ನು ಎತ್ತಿ ನೀರಿನ ಟ್ಯಾಂಕಿನ ಹಿಂದಕ್ಕೆ ಹಾಕಿ, “ಮುಟ್ತು ಅಮ್ಮ” ಅಂತ ಕೂಗಿದರು. ಅತ್ತೆ ಊಟ ಮಾಡಿದರು. ಮಾಡಿ, “ಏನ್ ಬರ್ದೆ, ಓದು,” ಅಂದರು.

ನನ್ನ ಕೈಯಲ್ಲಿ ಹಾಳೆ ಖಾಲಿ ಇತ್ತು. ಅವರ ಎದುರಿಗೇ ಬರೆದೆ. ಇಪ್ಪತ್ತು ನಿಮಿಷ ಅಂತ ಬರೆಯಲು ಹೋಗಿ, ಹಾಗಾದರೆ ಇಷ್ಟು ಹೊತ್ತು ಯಾಕೆ ಕಾಯಿಸಿದಿರಿ ಅಂತ ಕೇಳಿಯಾರು ಅನ್ನಿಸಿತು. ಎರಡೂವರೆ ಗಂಟೆ ಅವರೇ ಕಾದಿದ್ದಾರೆ. ಕೊನೆಗೆ ನಿಮಿಷದ ಜಾಗದಲ್ಲಿ ಹೊತ್ತನ್ನು ಸರಿಯಾಗಿಯೇ ಬರೆದು, ಕಾಗೆಯ ಜಾಗದಲ್ಲಿ ಎರಡು ಅಂತ ಬರೆದೆ. ಆ ಅಂಕಿಯನ್ನೇ ಫೋನಿಗೂ ತುಂಬಿಸಿದೆ. ಅಲ್ಲಿ ಸೊನ್ನೆ ಹಾಕಬಹುದಿತ್ತು, ಅತ್ತೆ ಫೋನು ನೋಡುವವರಲ್ಲ. ಆದರೆ ಕಾಗದದಲ್ಲಿ ಎರಡು, ಫೋನಿನಲ್ಲಿ ಸೊನ್ನೆ ಬರೆಯಲು ಕೈ ಬರಲಿಲ್ಲ. ಸುಳ್ಳನ್ನು ಒಂದೇ ಥರ ಬರೆಯಬೇಕು ಅನ್ನುವ ಶಿಸ್ತು ಆ ಹೊತ್ತಿನಲ್ಲಿ ನನಗೆಲ್ಲಿಂದ ಬಂತೋ. ಇಷ್ಟು ಮನೆಗಳ ಲೆಕ್ಕದಲ್ಲಿ ನಮ್ಮದೊಂದು ತಪ್ಪಿದರೆ ಏನಾಗುತ್ತದೆ ಅಂತಲೂ ಅಂದುಕೊಂಡೆ.

ಶ್ರಾವಣದಿಂದ ಮುಂದೆ ಶ್ರೀಧರ ಕಾಯುವುದನ್ನೇ ಬಿಟ್ಟರು. ಹದಿನೈದು ನಿಮಿಷ ನಿಂತು, ಟ್ಯಾಂಕಿನ ಹಿಂದೆ ಹಾಕಿ, ಕೂಗಿ ಇಳಿದು ಬರುವುದು. ಅತ್ತೆಗೆ ತಡವಾಗಬಾರದು. ನಾನೂ ಹದಿನೈದು ನಿಮಿಷ, ಮೂರು ಕಾಗೆ ಅಂತ ಬರೆಯುವುದು. ಪಿತೃಪಕ್ಷದಲ್ಲಿ ಕ್ರಾಸಿನ ಮನೆಗಳಿಂದ ಹಾಳೆಗಳು ರಾಶಿ ಬಂದವು. ಎಲ್ಲರ ಹಾಳೆಯಲ್ಲೂ ಕಾಗೆ. ನಾರಾಯಣಪ್ಪನವರ ಹಾಳೆಯಲ್ಲಂತೂ ದಿನಾ ನಾಲ್ಕು, ಐದು. ಅದನ್ನು ನೋಡಿದಾಗ ನನಗೆ ಹೊಟ್ಟೆಕಿಚ್ಚಾಯಿತು, ನಿಜ ಹೇಳುತ್ತೇನೆ. ಎದುರುಮನೆಗೆ ಬರುವ ಕಾಗೆ ನಮ್ಮನೆಗೆ ಯಾಕೆ ಬರುವುದಿಲ್ಲ, ಮಾವನಿಗೆ ನಿಜವಾಗಿಯೂ ನಮ್ಮ ಮೇಲೆ ಸಿಟ್ಟೋ ಏನೋ ಅಂತ ಒಂದು ಕ್ಷಣ ಅನ್ನಿಸಿತು. ಬಯಾಲಜಿ ಓದಿದ್ದೆಲ್ಲ ಎಲ್ಲಿ ಹೋಗಿತ್ತೋ.

ಆಶ್ವಯುಜದ ಒಂದು ಮಧ್ಯಾಹ್ನ ಪಲ್ಲವಿ ಫೋನ್ ಮಾಡಿದಳು.

“ಆಂಟಿ, ಒಂದು ವಿಷಯ ಅರ್ಥ ಆಗ್ತಿಲ್ಲ. ಸಾಯಂಕಾಲ ನಾನೇ ಬಂದು ಎಣಿಸ್ತೀನಲ್ಲ, ಮರ ಕಡಿದ ಮೇಲೆ ಕಾಗೆ ತುಂಬಾ ಕಡಿಮೆ ಆಗಿದೆ. ಆದ್ರೆ ನಿಮ್ಮ ಬೀದಿ ಹಾಳೆಗಳಲ್ಲಿ ಏನೂ ವ್ಯತ್ಯಾಸನೇ ಇಲ್ಲ. ಉಳಿದ ಮರ ತೆಗೆಯೋ ಬಗ್ಗೆ ಕಾರ್ತಿಕದಲ್ಲಿ ಸಭೆ ಕರೆದಿದಾರೆ, ಅಲ್ಲಿ ನಾನು ವರದಿ ಕೊಡ್ಬೇಕು. ಹಾಳೆ ತುಂಬೋವಾಗ ಯಾರಾದ್ರೂ ಅಂದಾಜಿಗೆ ಬರ್ದಿರ್ಬಹುದಾ?”

ನನ್ನ ಪಕ್ಕದಲ್ಲಿ ಅತ್ತೆ ಕಡಲೇಕಾಯಿ ಸುಲಿಯುತ್ತಿದ್ದರು. ಕಿವಿ ಚುರುಕು ಅವರದು.

“ಗೊತ್ತಿಲ್ಲಮ್ಮ,” ಅಂದೆ.

“ನಿಮ್ಮನೇದು ಸರಿ ಇದೆ ತಾನೆ ಆಂಟಿ? ನಿಮ್ಮನೇದು ಸರಿ ಇದ್ರೆ ನಾನು ಉಳಿದಿದ್ದನ್ನೂ ನಂಬ್ತೀನಿ. ನೀವು ಟೀಚರ್ ಅಲ್ವಾ.”

ಅತ್ತೆ ಕಾಯಿ ಸುಲಿಯುವುದು ನಿಲ್ಲಿಸಿ ನನ್ನ ಕಡೆ ನೋಡಿದರು. ಸರಿ ಇದೆ ಅಂತ ಹೇಳಿ ಫೋನಿಟ್ಟೆ. ಆ ಮಾತು ಆಡಿದ ನಾಲಿಗೆಯನ್ನು ಇವತ್ತಿಗೂ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಸಭೆಯ ದಿನ ಬೆಳಗಿನಿಂದ ಜಿಟಿಜಿಟಿ ಮಳೆ, ಎಲ್ಲೋ ಸಮುದ್ರದಲ್ಲಿ ವಾಯುಭಾರ ಕುಸಿತವಂತೆ. ಸಮುದಾಯ ಭವನದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಒದ್ದೆ ಕೊಡೆಗಳು, ಕಾಫಿಯ ದೊಡ್ಡ ಫ್ಲಾಸ್ಕು. ಪಲ್ಲವಿ ತನ್ನ ವರದಿ ಓದಿದಳು. ಸಂಜೆಯ ಎಣಿಕೆಯನ್ನೂ ಹೇಳಿದಳು, ನಮ್ಮ ಹಾಳೆಗಳ ಎಣಿಕೆಯನ್ನೂ ಹೇಳಿದಳು. ಎರಡನೆಯದನ್ನು ಬಿಟ್ಟುಬಿಡಬಹುದಿತ್ತು. ಬಿಡುವ ಜಾತಿಯವಳಲ್ಲ ಅವಳು.

ವೇದಿಕೆಯ ಮೇಲಿದ್ದ ಪಾಲಿಕೆಯ ಅಧಿಕಾರಿ ಒಳ್ಳೆಯ ಮಾತಿನವರು, ದನಿ ಏರಿಸಲಿಲ್ಲ. “ಮೇಡಂ, ಸಂಜೆ ಎಣಿಸಿದ್ದು ನೀವೊಬ್ಬರೇ. ಇದು ಇಪ್ಪತ್ತು ಚಿಲ್ಲರೆ ಮನೆಯೋರು ತಾವೇ ಕಣ್ಣಾರೆ ನೋಡಿ ಬರ್ದಿರೋದು. ಆಷಾಢದಲ್ಲಿ ಅರ್ಧ ಮರ ತೆಗೆದ್ವಿ. ಆಮೇಲೂ ಇವ್ರ ಮನೆಗೆ ಕಾಗೆ ಬರ್ತಾನೇ ಇದೆ. ಪಿತೃಪಕ್ಷದಲ್ಲಿ ಜಾಸ್ತಿನೇ ಬಂದಿದೆ. ಅಂದ್ಮೇಲೆ ಮರ ತೆಗೆದ್ರೆ ಕಾಗೆ ಹೋಗುತ್ತೆ ಅಂತ ಹೇಗೆ ಹೇಳೋದು, ಹೇಳಿ?” ಅಂದರು. ನಂತರ ನಮ್ಮ ಕಡೆ ತಿರುಗಿ, “ಇಲ್ಲಿ ಬರ್ದಿರೋರೂ ಬಂದಿದೀರಿ ಅನ್ಸುತ್ತೆ. ಯಾರಾದ್ರೂ ಏನಾದ್ರೂ ಹೇಳೋದಿದ್ರೆ ಹೇಳಿ,” ಅಂತ ಕೇಳಿದರು.

ಎದ್ದು ನಿಲ್ಲಬೇಕಿತ್ತು. ಏಳಲು ಹೊರಟದ್ದೂ ನೆನಪಿದೆ. ಇಲ್ಲಿ ಆಡಿದ ಮಾತು ಕತ್ತಲಾಗುವ ಮುಂಚೆ ಅತ್ತೆಗೆ ತಲುಪುತ್ತದೆ, ನಮ್ಮ ಕ್ರಾಸು ಅಂಥದ್ದು. ಸುತ್ತ ನೋಡಿದೆ. ಹಾಳೆ ತುಂಬಿದವರೆಲ್ಲ ಅಲ್ಲೇ ಇದ್ದರು. ಎಲ್ಲರೂ ತಲೆ ತಗ್ಗಿಸಿಕೊಂಡು ಕಾಫಿ ಲೋಟ ನೋಡುತ್ತಿದ್ದರು. ನಾನೂ ಕೂತೇ ಇದ್ದೆ.

ಹೊರಗೆ ಮೆಟ್ಟಿಲ ಮೇಲೆ ಮಳೆ ನಿಲ್ಲಲಿ ಅಂತ ಕಾಯುವಾಗ ನಾರಾಯಣಪ್ಪನವರು ಪಕ್ಕಕ್ಕೆ ಬಂದರು.

“ಮಿಸ್, ನಮ್ಮನೆಗೆ ಆಷಾಢದಿಂದ ಒಂದೇ ಒಂದು ಕಾಗೆ ಬಂದಿಲ್ಲ.”

“ದಿನಾ ಐದು ಅಂತ ಬರೀತಿದ್ರಲ್ಲ.”

“ಸೊನ್ನೆ ಹೆಂಗ್ ಬರೀಲಿ ಮಿಸ್? ಸೊನ್ನೆ ಬರೆದ್ರೆ ಅವಳಿಗೆ ನನ್ ಮೇಲೆ ಕೋಪ ಅಂತ ನಾನೇ ಕೈಯಾರೆ ಬರ್ದಂಗಾಗಲ್ವಾ?” ಕೊಡೆಯ ತುದಿಯಿಂದ ನೆಲ ಕೆದಕಿದರು. “ನಿಮ್ಮನೇಲಿ ಬರ್ತಿತ್ತಲ್ಲ, ಅದನ್ನ ಕೇಳಿ ಕೇಳಿ ಸಂಕಟ ಆಗ್ತಿತ್ತು.”

“ನಮ್ಮನೆಗೂ ಬಂದಿಲ್ಲ,” ಅಂದೆ.

ಅವರು ನನ್ನನ್ನು ನೋಡಿದ ನೋಟ ಮರೆಯುವ ಹಾಗಿಲ್ಲ. ಒಂದು ಬೀದಿಯ ಜನರೆಲ್ಲ ಒಬ್ಬರಿಗೊಬ್ಬರು ಅಂಜಿಕೊಂಡು ಇಲ್ಲದ ಕಾಗೆಗಳನ್ನು ಸಾಕಿದ್ದೆವು.

ಪಲ್ಲವಿಯನ್ನು ಬಸ್‌ಸ್ಟಾಪಿನ ಹತ್ತಿರ ಹಿಡಿದು ಎಲ್ಲ ಹೇಳಿದೆ. ಬೈಯಲಿ ಅಂತ ಕಾದೆ. ಬೈಯಲಿಲ್ಲ. “ಎಷ್ಟು ಮನೆ ಆಂಟಿ?” ಅಂದಳು. ಗೊತ್ತಿಲ್ಲ ಅಂದೆ. “ಯಾವುದು ಸುಳ್ಳು ಅಂತ ಗೊತ್ತಿಲ್ದೇ ಇದ್ರೆ ಎಲ್ಲಾನೂ ತೆಗೀಬೇಕಾಗುತ್ತೆ. ನಿಜ ಬರ್ದಿರೋರದ್ದೂ.” ಬಸ್ಸು ಬಂತು, ಹತ್ತಿದಳು. ಅಧಿಕಾರಿಗೆ ಅವಳು ಕಾಗದ ಬರೆದಳಂತೆ, ಹಾಳೆಗಳನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ ಅಂತ. ಸೋತ ಮೇಲೆ ಲೆಕ್ಕ ಬದಲಾಯಿಸುತ್ತಿದ್ದಾರೆ ಅಂತ ಅವರು ಅದನ್ನು ಪಕ್ಕಕ್ಕಿಟ್ಟರಂತೆ. ಪುಷ್ಯದ ಚಳಿಯಲ್ಲಿ ಉಳಿದ ಮರಗಳೂ ಹೋದವು. ನಾನು ನೋಡಲು ಹೋಗಲಿಲ್ಲ, ಗರಗಸದ ಸದ್ದು ಅಡುಗೆಮನೆಗೇ ಕೇಳುತ್ತಿತ್ತು.

ಹಾಳೆ ತುಂಬುವುದು ಅಲ್ಲಿಗೆ ನಿಂತಿತು. “ಮುಟ್ತು” ಅನ್ನುವುದು ನಿಲ್ಲಲಿಲ್ಲ. ಮಾರ್ಗಶಿರ, ಪುಷ್ಯ, ಮಾಘ, ಮೂರು ತಿಂಗಳೂ ಶ್ರೀಧರ ಕೂಗಿದರು, ಅತ್ತೆ ಉಂಡರು.

ಫಾಲ್ಗುಣದಲ್ಲಿ ವರ್ಷದ ಶ್ರಾದ್ಧ ಬಂತು. ಅವತ್ತು ಬೆಳಗ್ಗೆ ಅತ್ತೆ, “ಈ ಸಲ ನಾನೂ ಮೇಲಕ್ಕೆ ಬರ್ತೀನಿ. ಅವರು ಉಣ್ಣೋದನ್ನ ಒಂದ್ಸಲ ಕಣ್ಣಲ್ಲಿ ನೋಡ್ಬೇಕು,” ಅಂದರು. ಮಂಡಿ, ಬಿಸಿಲು, ಬೀಳುತ್ತೀರಿ, ಎಲ್ಲ ಹೇಳಿದೆವು. ಕೇಳಲಿಲ್ಲ. ನಾರಾಯಣಪ್ಪನವರನ್ನು ಕರೆಸಿ, ಶ್ರೀಧರ ಒಂದು ಕಡೆ ಅವರೊಂದು ಕಡೆ ಹಿಡಿದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋದರು.

ಅತ್ತೆ ತಾರಸಿಗೆ ಹೋಗಿ ಮೂರು ವರ್ಷವಾಗಿತ್ತು. ಮೊದಲು ಅವರು ಅನ್ನದ ಕಡೆ ನೋಡಲಿಲ್ಲ, ಹಿಂದಿನ ರಸ್ತೆಯ ಕಡೆ ನೋಡಿದರು. ಅಲ್ಲಿ ಬರೀ ಆಕಾಶ, ಕೆಳಗೆ ಜೆಲ್ಲಿ ರಾಶಿ. ಮರ ಕಡಿಯುತ್ತಿದ್ದಾರೆ ಅಂತ ಕೇಳಿದ್ದರು, ಒಂದೂ ಉಳಿದಿಲ್ಲ ಅಂತ ನಾವು ಹೇಳಿರಲಿಲ್ಲ. ಶ್ರೀಧರ ಎಲೆ ಇಟ್ಟರು. ಒಂದು ಗಂಟೆ ಕಾದೆವು. ನಾರಾಯಣಪ್ಪನವರು ಏನೋ ನೆಪ ಹೇಳಿ ಇಳಿದುಹೋದರು. ಶಾಸ್ತ್ರಿಗಳು ಗಂಟಲು ಸರಿಮಾಡಿಕೊಂಡು ಹಸುವಿನ ಮಾತೆತ್ತಿದರು. ಅತ್ತೆ ಮಗನ ಕಡೆ ತಿರುಗಿದರು.

“ಶ್ರೀಧರಾ, ಹೋದ್ ತಿಂಗ್ಳು ಎಲ್ಲಿಂದ ಬಂತು ಕಾಗೆ?” ಅಂದರು.

ಅವರು ನೆಲ ನೋಡುತ್ತ ನಿಂತರು. ಮಗನಿಂದ ಆಗದು ಅಂತ ನನಗೆ ಗೊತ್ತಾಯಿತು.

“ಬಂದಿರ್ಲಿಲ್ಲ ಅಮ್ಮ,” ಅಂದೆ.

“ಯಾವತ್ತಿಂದ?”

“ಆಷಾಢದಿಂದ.”

ಅತ್ತೆ ಬೆರಳ ಗೆಣ್ಣುಗಳ ಮೇಲೆ ಎಣಿಸಿದರು. ನಿಧಾನವಾಗಿ, ಒಂದೊಂದು ತಿಂಗಳನ್ನೂ ತುಟಿಯಲ್ಲೇ ಹೇಳಿಕೊಳ್ಳುತ್ತ. “ಎಂಟು,” ಅಂದರು. “ನೀನು ಬರ್ದು ಓದಿದ್ಯಲ್ಲ.”

“ನೀವು ಊಟ ಮಾಡ್ಲಿ ಅಂತ ಬರ್ದೆ ಅಮ್ಮ. ಮಾತ್ರೆ ತಗೊಂಡು ಹಸ್ಕೊಂಡಿದ್ರೆ ನಿಮಗೇನಾದ್ರೂ ಆಗಿಬಿಡುತ್ತೆ ಅಂತ.”

“ಮಾಡಿದ್ನಲ್ಲ ಊಟ. ಎಂಟು ತಿಂಗ್ಳು ಅವರು ಇಲ್ಲಿ ಹಸ್ಕೊಂಡ್ ನಿಂತಿದ್ರು, ನಾನು ಕೆಳಗೆ ವಡೆ ಪಾಯಸ ಉಂಡೆ.” ದನಿಯಲ್ಲಿ ಸಿಟ್ಟೂ ಇರಲಿಲ್ಲ. “ಆಸ್ಪತ್ರೇಲಿ ಕೊಡ್ಲಿಲ್ಲ ಅಂದ್ರೆ ಡಾಕ್ಟ್ರು ಬೇಡ ಅಂದಿದ್ರು ಅಂತ ಹೇಳ್ಕೋಬಹುದು. ಇದಕ್ಕೆ ಯಾರನ್ನ ಹೇಳ್ಲಿ ವಸಂತಾ?”

ಕೆಳಗಿಳಿಸಿದ ಮೇಲೆ ಅವರಿಗೆ ಹಾಕಿದ್ದ ಎಲೆಯನ್ನು ಅವರೇ ಮಡಿಸಿ ಪಕ್ಕಕ್ಕಿಟ್ಟು ಒಳಗೆ ಹೋಗಿ ಮಲಗಿದರು.

ಮುಂದಿನ ತಿಂಗಳು ಅದೇ ತಿಥಿಯಂದು ಅತ್ತೆ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಅದರ ಮುಂದಿನ ತಿಂಗಳೂ ಮುಟ್ಟಲಿಲ್ಲ. ಡಾಕ್ಟರ ಹತ್ತಿರ ಬೈಸಿದೆ, ನಾನೇ ಜಗಳವಾಡಿದೆ, ಕಣ್ಣೀರು ಹಾಕಿದೆ. ಅವರು, “ಎಂಟು ಕಣೇ, ಎಂಟೇ. ಆಮೇಲೆ ನೀನು ಹೇಳ್ದಂಗೆ ಕೇಳ್ತೀನಿ,” ಅನ್ನುತ್ತಿದ್ದರು. ಚೈತ್ರ, ವೈಶಾಖ, ಜ್ಯೇಷ್ಠ, ಆಷಾಢ, ಶ್ರಾವಣ, ಭಾದ್ರಪದ, ಆರು ತಿಂಗಳು ಹಾಗೇ ನಡೆಸಿದರು. ನವರಾತ್ರಿಯಲ್ಲಿ ಒಂದು ಬೆಳಗ್ಗೆ ಕಾಫಿ ತೆಗೆದುಕೊಂಡು ಹೋದರೆ ಏಳಲಿಲ್ಲ. ಉಪವಾಸದಿಂದ ಅಲ್ಲ, ಹೃದಯ ನಿಂತಿದೆ ಅಂತ ಡಾಕ್ಟರು ಹೇಳಿದರು. ನನಗೆ ಸಮಾಧಾನವಾಗಲಿ ಅಂತ ಹೇಳಿದರೋ ಏನೋ.

ಇನ್ನೂ ಎರಡು ಉಳಿದಿದ್ದವು. ಆಶ್ವಯುಜದಲ್ಲೊಂದು, ಕಾರ್ತಿಕದಲ್ಲೊಂದು. ಶ್ರೀಧರನಿಗೂ ಹೇಳದೆ ಎರಡು ದಿನವೂ ನಾನು ಊಟ ಮಾಡಲಿಲ್ಲ.